ಬಾಯಿಪಾಠ ಮಾಡಿದ ನೆಪ

ಲೋಕದಲ್ಲಿ ಒಳ್ಳೆಯ ಕೆಲಸಗಳು ಧಾರಾಳವಾಗಿ ನಡೆಯಬೇಕು, ಆದರೆ ಅವನ್ನು ಬೇರೆ ಯಾರಾದರೂ ನಡೆಸಬೇಕು ಎನ್ನುವುದು ಮೊದಲಿನಿಂದಲೂ ನನ್ನ ಸಿದ್ಧಾಂತ. ಮೈಸೂರಿನಲ್ಲಿದ್ದಾಗ ನಮ್ಮ ಬೀದಿಯ ಗಣೇಶನಿಗೆ ತಪ್ಪದೆ ಕೈಮುಗಿದಿದ್ದೇನೆ, ಚರುಪು ತಿಂದಿದ್ದೇನೆ, ಪೆಂಡಾಲು ವಾಲಿದೆಯೆಂದು ಟೀಕೆಯನ್ನೂ ಮಾಡಿದ್ದೇನೆ. ಒಂದು ಗೂಟ ಮಾತ್ರ ಹೊಡೆದವಳಲ್ಲ. ಶಾಲೆಯಲ್ಲಿ ಗೈಡ್ಸ್ ಸೇರಿ ಎಂದಾಗಲೂ ಹೊಟ್ಟೆನೋವೆಂದು ಮೂರು ವರ್ಷ ತಳ್ಳಿದೆ. ಅಂಥ ನನ್ನ ಕೊರಳಿಗೆ ಜಪಾನಿನಲ್ಲಿ ಸ್ಕೌಟ್ ಸ್ಕಾರ್ಫ್ ಬಿದ್ದ ಕಥೆಯನ್ನು ನನ್ನ ತವರಿನವರು ಇವತ್ತಿಗೂ ನಂಬುವುದಿಲ್ಲ.

ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ಕೂರುತ್ತವೆಂದು ಇಡೀ ಲೋಕ ಹೆದರಿದ್ದ ಕಾಲ ಅದು. ಅವುಗಳ ತಲೆ ನೆಟ್ಟಗೆ ಮಾಡಲು ನನ್ನ ಗಂಡ ರಾಘುವನ್ನು ಅವನ ಕಂಪನಿ ಟೋಕಿಯೋಗೆ ಕಳಿಸಿತ್ತು. ಗ್ಯೋಟೋಕುವಿನಲ್ಲಿ ಮನೆ. ಅವನು ಬೆಳಗ್ಗೆ ಟೋಜಾಯ್ ರೈಲು ಹತ್ತಿ ಹೋದರೆ ಬರುವುದು ರಾತ್ರಿಯೇ. ಬಂದ ಮೇಲೆ ಏನೇ ಕೇಳಿದರೂ ಒಂದೇ ಉತ್ತರ: "ಡಿಸೆಂಬರ್ ಥರ್ಟಿಫಸ್ಟ್ ಮುಗೀಲಿ ಕಣೆ." ಗೀಸರ್ ಕೆಟ್ಟಿದೆ ಎಂದರೂ ಅದೇ, ಮಗಳು ಶಾಲೆಯಲ್ಲಿ ತುಟಿ ಬಿಚ್ಚುತ್ತಿಲ್ಲ ಎಂದರೂ ಅದೇ.

ಮಗಳು ಇಳಾಗೆ ಎಂಟು ವರ್ಷ. ಇಲ್ಲಿನ ಶಾಲೆ ಸೇರಿ ಆರು ತಿಂಗಳಾದರೂ ಕ್ಲಾಸಿನಲ್ಲಿ ಒಂದು ಮಾತಾಡಿರಲಿಲ್ಲ. ಮಾತು ಬರುತ್ತಿರಲಿಲ್ಲವೆಂದಲ್ಲ, ಟಿವಿ ನೋಡಿ ನೋಡಿ ಜಪಾನಿ ಭಾಷೆಯನ್ನೆಲ್ಲ ನುಂಗಿಕೊಂಡಿದ್ದಳು, ಹೊರಗೆ ಬಿಡುತ್ತಿರಲಿಲ್ಲ. ನಮ್ಮ ಬೀದಿಯ ತೋಫು ಅಂಗಡಿಯ ಮೊರಿ ಸಾನ್ ಅವಳನ್ನು ನೋಡಿ, ತಾನು ನಡೆಸುತ್ತಿದ್ದ ಪುಟಾಣಿ ಸ್ಕೌಟ್ ದಳಕ್ಕೆ ಸೇರಿಸಿಕೊಂಡರು. ಹನ್ನೆರಡು ಮಕ್ಕಳು, ಭಾನುವಾರ ಗಂಟು ಹಾಕುವುದು, ನದಿಯ ದಂಡೆಯಲ್ಲಿ ಕಸ ಹೆಕ್ಕುವುದು, ಅನ್ನ ಬೇಯಿಸುವುದು. ಎರಡನೆಯ ತಿಂಗಳು ಇಳಾ ಯಾರ ಜೊತೆಗೋ ಹಗ್ಗಕ್ಕಾಗಿ ಜಪಾನಿ ಭಾಷೆಯಲ್ಲಿ ಭರ್ಜರಿ ಜಗಳವಾಡಿಕೊಂಡು ಮನೆಗೆ ಬಂದಳು. ಬೇರೆ ತಾಯಂದಿರು ಬಯ್ಯುತ್ತಿದ್ದರೇನೋ, ನಾನು ಶ್ಯಾವಿಗೆ ಪಾಯಸ ಮಾಡಿದೆ.

ಇಷ್ಟು ಒಳ್ಳೆಯದಾದ ಮೇಲೆ ಕೆಟ್ಟದ್ದು ಬರಲೇಬೇಕಲ್ಲ. ನವೆಂಬರಿನಲ್ಲಿ, ಮೊರಿ ಸಾನ್‌ಗೆ ಜೊತೆಯಾಗಿದ್ದ ಹೆಂಗಸಿನ ಗಂಡನಿಗೆ ಬೇರೆ ಊರಿಗೆ ವರ್ಗವಾಯಿತು. ಮಕ್ಕಳ ಜೊತೆ ಇಬ್ಬರು ದೊಡ್ಡವರು ಇರಲೇಬೇಕೆಂಬುದು ದಳದ ನಿಯಮ. ಇನ್ನೊಬ್ಬರು ಸಿಗದಿದ್ದರೆ ವರ್ಷದ ಕೊನೆಗೆ ದಳ ಮುಚ್ಚಬೇಕು. ಮುಂದಿನ ಭಾನುವಾರ ಪಾಲಕರ ಸಭೆ ಎಂದು ಚೀಟಿ ಬಂತು. ಇಳಾ ಅದನ್ನು ಓದಿ ಹೇಳಿ, "ಅಮ್ಮ, ಯಾರೂ ಬರದೇ ಇದ್ರೆ ನಿಜವಾಗ್ಲೂ ಕ್ಲೋಸಾ?" ಎಂದಳು. "ಅಯ್ಯೋ, ಯಾರಾದ್ರೂ ಬರ್ತಾರೆ ಬಿಡೇ," ಎಂದೆ. ಆ ಯಾರಾದ್ರೂ ಎಂಬ ಪುಣ್ಯಾತ್ಮರ ಮೇಲೆ ನನಗೆ ಆಗಲೇ ಪೂರ್ತಿ ಭರವಸೆಯಿತ್ತು.

ಇಲ್ಲಿನ ಸಭೆಗಳಲ್ಲಿ ಸುಮ್ಮನೆ ತಲೆತಗ್ಗಿಸಿ ಕೂತು ಪಾರಾಗುವಂತಿಲ್ಲವೆಂದು ತಿಳಿಸಿದವನು ರಾಘುವಿನ ಸಹೋದ್ಯೋಗಿ ಪ್ರಸನ್ನ. ಜಪಾನಿ ಕಲಿತ ಬ್ರಹ್ಮಚಾರಿ, ನನ್ನ ಬಿಸಿಬೇಳೆಬಾತಿನ ಋಣದಲ್ಲಿದ್ದವನು. "ಅತ್ತಿಗೆ, ಒಬ್ಬೊಬ್ರೂ ಎದ್ದು ನಿಂತು ಯಾಕೆ ಆಗಲ್ಲ ಅಂತ ರೀಸನ್ ಹೇಳ್ಬೇಕು. ಪೊಲೈಟಾಗಿ ಹೇಳಿದ್ರೆ ಬಿಟ್ಟುಬಿಡ್ತಾರೆ," ಎಂದ. ನಾನು ಕಾರಣಗಳನ್ನು ಹೇಳುತ್ತ ಹೋದೆ, ಅವನು ಜಪಾನಿಯಲ್ಲಿ ಬರೆದುಕೊಟ್ಟ. ನನಗೆ ನಿಮ್ಮ ಭಾಷೆ ಬರುವುದಿಲ್ಲ. ನಾವು ಇಲ್ಲಿಗೆ ಸ್ವಲ್ಪ ದಿನಕ್ಕೆ ಬಂದವರು. ನನ್ನ ಗಂಡ ಹೊಸ ವರ್ಷದವರೆಗೆ ಮನೆಯ ಲೆಕ್ಕಕ್ಕಿಲ್ಲ. ನಾನು ಮೀನು ಮಾಂಸ ಮುಟ್ಟುವುದಿಲ್ಲ. ಚಳಿ ಆಗಿಬರುವುದಿಲ್ಲ, ಹುಳಹುಪ್ಪಟೆ ಕಂಡರೆ ಕಿರುಚುತ್ತೇನೆ. ಆದ್ದರಿಂದ ದಯವಿಟ್ಟು ನನ್ನನ್ನು ಬಿಟ್ಟುಬಿಡಿ.

ಅವನಿಂದಲೇ ಓದಿಸಿ ಅದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಬಾಯಿಪಾಠದ ವಿಷಯದಲ್ಲಿ ನಾನು ಸಾಮಾನ್ಯಳಲ್ಲ. ಮಗ್ಗಿ, ಸ್ತೋತ್ರ, ಸಂಧಿ ಸೂತ್ರ ಎಲ್ಲವನ್ನೂ ಅರ್ಥದ ಹಂಗಿಲ್ಲದೆ ಒಪ್ಪಿಸಿ ಬಹುಮಾನ ತಂದವಳು. ನಾಲ್ಕು ದಿನ ಇಳಾ ನನಗೆ ಮೇಷ್ಟ್ರಾದಳು. ಸ್ಕೇಲು ಹಿಡಿದು ಕೂತು, "ನೋ ಅಮ್ಮ, ಲಾಂಗ್ ಆಗಿ ಹೇಳು," ಎಂದು ತಿದ್ದಿದ್ದೇ ತಿದ್ದಿದ್ದು. ಮೊದಲ ದಿನವೇ ಹಾಳೆಯ ಮೇಲೆ ಸಾರು ಚೆಲ್ಲಿದ್ದರಿಂದ, "ತುಂಬಾ ಡರ್ಟಿಯಾಗಿದೆ, ನಾನು ಹೇಳ್ತೀನಿ, ನೀನು ನೀಟಾಗಿ ಬರಿ," ಎಂದು ಪೂರ್ತಿ ಮತ್ತೆ ಬರೆಸಿದಳು. ನನ್ನ ಮಗಳಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ಉಬ್ಬಿಹೋದೆ.

ಭಾನುವಾರ ಬಂತು. ಸಭಾಭವನದ ಚಾಪೆಯ ಮೇಲೆ ಎಲ್ಲರೂ ಮಂಡಿಯೂರಿ ಕೂತಿದ್ದರು. ನನಗೆ ಐದೇ ನಿಮಿಷಕ್ಕೆ ಕಾಲು ಜೋಮು ಹಿಡಿಯಿತು. ಒಬ್ಬರಾದ ಮೇಲೊಬ್ಬರು ಎದ್ದು, ಪಿಸುದನಿಯಲ್ಲಿ ಎರಡು ಮಾತಾಡಿ, ಬಗ್ಗಿ, ಕೂತರು. ಅತ್ತೆಯ ಕಾಯಿಲೆ, ಸೊಂಟನೋವು, ಪಾರ್ಟ್‌ಟೈಮ್ ಕೆಲಸ ಎಂದು ಅವರ ಕೈಸನ್ನೆಯಿಂದಲೇ ತಿಳಿಯುತ್ತಿತ್ತು. ಮೊರಿ ಸಾನ್ ಒಬ್ಬೊಬ್ಬರಿಗೂ ತಲೆಯಾಡಿಸುತ್ತ ಇನ್ನಷ್ಟು ಕುಗ್ಗುತ್ತಿದ್ದರು. ದಿನಾ ಬೆಳಗ್ಗೆ ಬಿಸಿ ತೋಫು ಕಟ್ಟಿಕೊಡುವ ಮನುಷ್ಯ. ನನಗೆ ಅವರ ಮುಖ ನೋಡಲಾಗಲಿಲ್ಲ, ಗೋಡೆಯ ಗಡಿಯಾರ ನೋಡಿಕೊಂಡು ಎದ್ದೆ.

ಶುರುಮಾಡಿದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಎತ್ತಿಕೊಂಡವಳು ಚಳಿ, ಹುಳ, ಮಾಂಸ, ಗಂಡ ಎಲ್ಲವನ್ನೂ ಗಂಟಲೆತ್ತಿ ಒಪ್ಪಿಸಿದೆ. ಪಾಪ, ಎಲ್ಲರೂ ಅಯ್ಯೋ ಎನ್ನುವಂತೆ ತಲೆದೂಗಿದರು. ಕೊನೆಗೆ "ಯರಸೆತೆ ಕುದಸಾಯ್!" ಎಂದು ಸೊಂಟ ಬಗ್ಗಿಸಿ ನಮಸ್ಕರಿಸಿದೆ.

ಆಮೇಲೆ ಚಪ್ಪಾಳೆ. ಮೊರಿ ಸಾನ್ ಕನ್ನಡಕ ತೆಗೆದು ಒರೆಸಿಕೊಂಡರು. ಸೊಂಟನೋವಿನ ಹೆಂಗಸು ಎದ್ದು, ಕೆಂಪು ಮುಖ ಮಾಡಿಕೊಂಡು ಇನ್ನೇನೋ ಹೇಳಿದಳು, ಅದಕ್ಕೂ ಚಪ್ಪಾಳೆ. ನೆಪವನ್ನು ಚೆನ್ನಾಗಿ ಹೇಳಿದ್ದಕ್ಕೇ ಇಷ್ಟು ಮರ್ಯಾದೆ ಮಾಡುತ್ತಾರಲ್ಲ, ಎಂಥಾ ಸಂಸ್ಕೃತಿ ಎಂದುಕೊಂಡೆ. ಊರು ಬಿಡುತ್ತಿದ್ದ ಆ ಹಳೆಯ ಜೊತೆಗಾರ್ತಿ ಬಂದು ತನ್ನ ಸ್ಕಾರ್ಫನ್ನು ನನ್ನ ಕೊರಳಿಗೆ ಹಾಕಿದಾಗಲಂತೂ ಗುಮಾನಿಯೇ ಉಳಿಯಲಿಲ್ಲ. ನಮ್ಮಲ್ಲಿ ಶಾಲು ಹೊದಿಸುವುದಿಲ್ಲವೇ, ಹಾಗೆ ಎಂದು ಭಾವಿಸಿ, ಫಲತಾಂಬೂಲವೂ ಇರಬಹುದೆಂದು ಕೈ ಸ್ವಲ್ಪ ಮುಂದೆಯೇ ಚಾಚಿದೆ. ಮೊರಿ ಸಾನ್ ಆ ಕೈಗೆ ಒಂದು ಕಾಗದವಿತ್ತು "ಅರಿಗಾತೋ, ಅರಿಗಾತೋ" ಎಂದು ಆರು ಸಲ ಬಗ್ಗಿದರು. ನಾನು ಏಳು ಸಲ ಬಗ್ಗಿದೆ.

ಮಧ್ಯಾಹ್ನ ಊಟಕ್ಕೆ ಬಂದ ಪ್ರಸನ್ನನಿಗೆ ನನ್ನ ಸನ್ಮಾನಪತ್ರ ತೋರಿಸಿದೆ. ಓದಿದವನು ತುತ್ತು ನುಂಗಲಾರದೆ ಕೆಮ್ಮಿದ.

"ಅತ್ತಿಗೆ, ಇದು ನಿಮ್ಮ ಯೂನಿಫಾರ್ಮ್ ಸೈಜ್ ಕೇಳಿರೋ ಫಾರ್ಮ್! ಮುಂದಿನ ವಾರದಿಂದ ನೀವು ಲೀಡರ್. ಸಭೇಲಿ ಏನಂದ್ರಿ?"

ಒಪ್ಪಿಸಿದೆ. ಕೊನೆಗೆ ಬಂದಾಗ ಅವನು ಹಣೆ ಚಚ್ಚಿಕೊಂಡ. "ನಾನೆಲ್ಲಿ ಹಾಗೆ ಬರೆದಿದ್ದೆ? ಇದು 'ನನಗೆ ಮಾಡಕ್ಕೆ ಬಿಡಿ' ಅಂತ! ಭಾಷೆ ಬರಲ್ಲ, ಚಳಿ ಆಗಿಬರಲ್ಲ, ಹುಳ ಕಂಡ್ರೆ ಭಯ, ಆದ್ರೂ ದಯವಿಟ್ಟು ಈ ಕೆಲಸ ನನಗೇ ಕೊಡಿ ಅಂದಿದ್ದೀರ. ಕಲ್ಲೂ ಕರಗತ್ತೆ ಬಿಡಿ. ಆ ಸೊಂಟನೋವಿನವರು ನಾನೂ ಬರ್ತೀನಿ ಅಂದಿರ್ತಾರೆ."

ನಾನು ಇಳಾಳ ಕಡೆ ತಿರುಗಿದೆ. ಅವಳು ತಟ್ಟೆಯಲ್ಲಿ ಗೋಡಂಬಿ ಹುಡುಕುತ್ತಿದ್ದಳು. "ಏನೇ ಇದು?" ಎಂದೆ.

"ಲಾಸ್ಟ್ ಲೈನ್ ರಾಂಗ್ ಇತ್ತಮ್ಮ," ಎಂದಳು, ತಲೆಯೆತ್ತದೆ. "ಐ ಜಸ್ಟ್ ಕರೆಕ್ಟೆಡ್ ಇಟ್." ಅಷ್ಟು ಹೇಳಿ ತಟ್ಟೆಯನ್ನು ಮೆಲ್ಲಗೆ ನನ್ನಿಂದ ದೂರ ಸರಿಸಿಕೊಂಡಳು.

ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ತಲೆಯ ಮೇಲಿನ ಅಕ್ಕಿ ಮೂಟೆಯನ್ನು ಯಾರೋ ಇಳಿಸಿದಂತೆ ಹಾಯೆನಿಸಿತು. ದಳ ಮುಚ್ಚುವುದಿಲ್ಲ. ಮಗಳು ಇನ್ನೂ ಎಷ್ಟು ಬೇಕಾದರೂ ಜಗಳವಾಡಬಹುದು. ನಾಳೆ ಬೆಳಗ್ಗೆ ತೋಫು ಅಂಗಡಿಯ ಕಣ್ಣು ತಪ್ಪಿಸಿ ನಾನು ಎದುರು ಫುಟ್‌ಪಾತಿನಿಂದ ಸುತ್ತಿಬಳಸಿ ಹೋಗಬೇಕಾಗಿಲ್ಲ. "ಬಾರೇ ಇಲ್ಲಿ, ಕಳ್ಳಿ," ಎಂದು ನನ್ನ ತಟ್ಟೆಯ ಗೋಡಂಬಿಯನ್ನೆಲ್ಲ ಅವಳ ತಟ್ಟೆಗೆ ಹಾಕಿದೆ.

ಮಗಳು ನನಗೆ ಟೋಪಿ ಹಾಕಿದಳೆಂದೇ ರಾಘುವಿಗೂ ಪ್ರಸನ್ನನಿಗೂ ಗೊತ್ತು. ನಾನೂ ಹಾಗೆಯೇ ಹೇಳಿಕೊಂಡು ತಿರುಗಿದೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ. ನಾನು ಚಪಾತಿ ಲಟ್ಟಿಸಲು ಕೂತಾಗಲೆಲ್ಲ ಇಳಾ ಲಟ್ಟಣಿಗೆಗೆ ಕೈಹಾಕಿ, "ಅಮ್ಮ, ಯರಸೆತೆ! ಯರಸೆತೆ!" ಎಂದು ಪೀಡಿಸುತ್ತಿದ್ದಳು. ನನಗೆ ಬರುತ್ತಿದ್ದ ಹತ್ತು ಜಪಾನಿ ಮಾತುಗಳಲ್ಲಿ ಅದೂ ಒಂದು. ಅದನ್ನೇ ನಾಲ್ಕು ದಿನ ಉರುಹೊಡೆದೆನಲ್ಲ, ಇದು ಇಲ್ಲಿಗೆ ಹೇಗೆ ಬಂತೆಂದು ಒಂದು ಸಲವೂ ಅವಳನ್ನು ಕೇಳಲಿಲ್ಲ.