ಮೂರು ತೆಂಗಿನಕಾಯಿ, ಒಂದೇ ಐಡಿಯಾ

ಫೆಬ್ರವರಿ ಎಂಟು, ಭಾನುವಾರ, ಬೆಳಗ್ಗೆ ಏಳು ಹತ್ತಕ್ಕೆ ನಾನು ಸ್ವಂತಿಕೆಯಿಂದ ಮಾತನಾಡಬೇಕೆಂದು ತೀರ್ಮಾನಿಸಿದೆ. ಹನ್ನೊಂದಕ್ಕೆ ಸಭೆಯಿತ್ತು. ಸ್ವಂತಿಕೆಗೆ ಸಾಕಷ್ಟು ಸಮಯವಿತ್ತು.

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಒಂದು ಕೋಣೆ ಖಾಲಿ ಬಿದ್ದಿದೆ. ಎರಡನೇ ಮಹಡಿಯ ಸಂದೀಪನಿಗೆ ಅದು ಜಿಮ್ ಆಗಬೇಕು. ಎದುರು ಮನೆಯ ವಸುಧಾ ಆಂಟಿಗೆ ಭಜನೆಗೆ ಬೇಕು. ಮನೆಗೆಲಸಕ್ಕೆ ಬರುವವರು ಕೂತು ಊಟ ಮಾಡಲು ಅದನ್ನು ಕೊಡಬೇಕೆಂಬುದು ನನ್ನ ಆಸೆ. ನಮ್ಮ ಮನೆಗೆ ಬರುವ ಲಕ್ಷ್ಮಕ್ಕ ದಿನವೂ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಾರೆ. ಮೂವರೂ ಐದೈದು ನಿಮಿಷ ಮಾತನಾಡುವುದು, ಆಮೇಲೆ ಮತದಾನ.

ಹೋದ ವರ್ಷದ ಸಭೆಗೆ ಎಲ್ಲರೂ ಎಐ ಕೈಲಿ ಸ್ಲೈಡು ಮಾಡಿಸಿಕೊಂಡು ಬಂದಿದ್ದರು. ನೀರಿನ ಬಗ್ಗೆ ಮಾತಾಡಿದವರದ್ದೂ ಪಾರ್ಕಿಂಗ್ ಬಗ್ಗೆ ಮಾತಾಡಿದವರದ್ದೂ ಕೊನೆಯ ಚಿತ್ರ ಒಂದೇ: ಸೂರ್ಯೋದಯ, ಕೈಯೆತ್ತಿ ನಿಂತ ನಾಲ್ವರು. ಆ ನಾಲ್ವರು ನಮ್ಮ ಅಪಾರ್ಟ್‌ಮೆಂಟಿನವರಲ್ಲ.

ಹಾಗಾಗಿ ಈ ಸಲ ಸ್ಲೈಡು ಬೇಡ ಎಂದುಕೊಂಡೆ. ಎಐಯನ್ನು ಇಷ್ಟೇ ಕೇಳಿದೆ: "ಯಾರೂ ಯೋಚಿಸದಂಥ ದಿಟ್ಟ ಆರಂಭ ಒಂದು ಹೇಳು." ಅದು ಮೊದಲು ನನ್ನ ಪ್ರಶ್ನೆಯನ್ನು ಹೊಗಳಿತು. ನಂತರ, ಎಲ್ಲರೆದುರು ತೆಂಗಿನಕಾಯಿ ಎತ್ತಿ ಹಿಡಿದು "ಹೊರಗೆ ಗಟ್ಟಿ, ಒಳಗೆ ಸಿಹಿ; ನಮ್ಮ ಸಮುದಾಯವೂ ಹೀಗೆಯೇ" ಎನ್ನಲು ಹೇಳಿತು.

"ಮೀಟಿಂಗಿಗೆ ಕಾಯಿ ತಗೊಂಡ್ ಹೋಗ್ತೀಯಾ?" ಎಂದ ಗಂಡ ಗಿರೀಶ. "ಹೂವು, ಊದುಬತ್ತಿ ಬೇಡ್ವಾ?"

"ಇದು ಬೋಲ್ಡ್ ಐಡಿಯಾ ಗಿರೀಶ್. ನಿಂಗೆ ಗೊತ್ತಾಗಲ್ಲ."

ಬನಶಂಕರಿ ಮಾರ್ಕೆಟ್ಟಿಗೆ ಹೋಗಿ ಒಂಬತ್ತು ಕಾಯಿ ಅಲ್ಲಾಡಿಸಿ, ಅತಿ ಜೋರಾಗಿ ನೀರು ಕುಲುಕಿದ್ದನ್ನು ಆರಿಸಿ ತಂದೆ.

ಸಭೆ ಶುರುವಾಯಿತು. ಸಂದೀಪ ಎದ್ದು ನಿಂತು ಬ್ಯಾಗಿನಿಂದ ತೆಂಗಿನಕಾಯಿ ತೆಗೆದ. "ಹೊರಗೆ ಗಟ್ಟಿ, ಒಳಗೆ ಸಿಹಿ..." ಕಾಕತಾಳೀಯ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ವಸುಧಾ ಆಂಟಿ ಎದ್ದರು. ಅವರ ಕಾಯಿಗೆ ಅರಿಶಿನ ಕುಂಕುಮವೂ ಇತ್ತು. ಮಾತು ಮಾತ್ರ ಅಕ್ಷರಶಃ ಅದೇ.

ನನ್ನ ತೊಡೆಯ ಮೇಲಿನ ಚೀಲ ಭಾರವಾಗತೊಡಗಿತು.

ಸಂಘದ ಅಧ್ಯಕ್ಷರು ಮುನಿಯಪ್ಪ ಅಂಕಲ್. ಈ ಕಟ್ಟಡ ಎದ್ದಿರುವುದು ಅವರ ಹಳೆಯ ರಾಗಿ ಹೊಲದಲ್ಲಿ. ಅವರು ನನ್ನ ಚೀಲವನ್ನೇ ನೋಡುತ್ತಿದ್ದರು.

"ನಿಂದೂ ಕಾಯಿನೇನಮ್ಮಾ?"

"ಹೌದು ಅಂಕಲ್."

"ಇಡು, ಇಡು. ಹೆಂಗೂ ರೂಮಿಗೆ ಪೂಜೆ ಆಗ್ಬೇಕು. ಈಗ ಮಾತಾಡು."

ಬಾಯಿಪಾಠ ಮಾಡಿದ್ದೆಲ್ಲ ಕಾಯಿಯಿಂದಲೇ ಶುರುವಾಗುತ್ತಿತ್ತು. ಕಾಯಿ ಹೋದ ಮೇಲೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಲಕ್ಷ್ಮಕ್ಕ ಮೆಟ್ಟಿಲ ಮೇಲೆ ಕೂತು ಊಟ ಮಾಡ್ತಾರೆ. ಯಾರಾದ್ರೂ ಬಂದ್ರೆ ಡಬ್ಬಿ ಎತ್ಕೊಂಡು ಎದ್ದು ದಾರಿ ಬಿಡ್ತಾರೆ. ನಿನ್ನೆ ನಾನು ಹತ್ತುವಾಗ ಎದ್ರು, ಇಳಿಯುವಾಗ ಮತ್ತೆ ಎದ್ರು. ಕೂತೇ ಊಟ ಮುಗಿಸೋಕೆ ಒಂದು ಜಾಗ ಬೇಕು. ಅಷ್ಟೇ."

ಐದು ನಿಮಿಷದಲ್ಲಿ ಅರ್ಧ ನಿಮಿಷವೂ ಖರ್ಚಾಗಿರಲಿಲ್ಲ. ಸೋತೆ ಎಂದುಕೊಂಡು ಕೂತೆ.

ವಸುಧಾ ಆಂಟಿ, "ನಮ್ಮನೆ ಕೆಲಸಕ್ಕೆ ಬರೋ ಜಯಮ್ಮನೂ ಅಲ್ಲೇ ಕೂರೋದು. ನಾನೂ ಎಬ್ಬಿಸ್ಕೊಂಡೇ ಓಡಾಡ್ತೀನಿ. ಭಜನೆ ನಮ್ಮನೆ ಹಾಲ್‌ನಲ್ಲೇ ನಡೀಲಿ ಬಿಡಿ" ಎಂದರು.

"ಮಧ್ಯಾಹ್ನ ಅವರಿಗೆ ಕೊಡಿ," ಎಂದ ಸಂದೀಪ. "ಸಂಜೆ ನಾನು ಡಂಬೆಲ್ಸ್ ಎತ್ಕೋತೀನಿ."

ಎಲ್ಲರ ಕೈಗಳೂ ಮೇಲಕ್ಕೆದ್ದವು. ಈ ಸಲ ಕೈಯೆತ್ತಿದವರು ನಮ್ಮ ಅಪಾರ್ಟ್‌ಮೆಂಟಿನವರೇ.

ಮುನಿಯಪ್ಪ ಅಂಕಲ್ ಆಗಲೇ ಕೋಣೆಯ ಬಾಗಿಲಲ್ಲಿ ಕಾಯಿ ಒಡೆದರು. ಸಂದೀಪನದ್ದು ಹಾಲಿನಂತೆ ಬೆಳ್ಳಗಿತ್ತು. ಆಂಟಿಯದ್ದೂ ಹಾಗೆಯೇ. ನನ್ನದು ಕೆಟ್ಟಿತ್ತು. ಎಷ್ಟು ಕೆಟ್ಟಿತ್ತೆಂದರೆ, ಸಭೆ ಗೇಟಿನ ಆಚೆಗೆ ಸ್ಥಳಾಂತರಗೊಂಡಿತು.

"ಬಿಡಮ್ಮ, ಒಳ್ಳೇದೇ ಆಯ್ತು. ದೃಷ್ಟಿ ಕಳೀತು," ಎಂದರು ಅಂಕಲ್, ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡೇ.

"ಯಾರೂ ಯೋಚಿಸದ ಐಡಿಯಾ ಅಂದ್ರೆ ಇದು ಕಣೇ," ಎಂದ ಗಿರೀಶ.

ಸೋಮವಾರ ಮಧ್ಯಾಹ್ನ ಲಕ್ಷ್ಮಕ್ಕ ಆ ಕೋಣೆಯಲ್ಲಿ ಕೂತು ಊಟ ಮಾಡಿದರು. ಒಂದು ಸಲವೂ ಏಳಲಿಲ್ಲ. ವಾಸನೆ ಇನ್ನೂ ಇದೆಯೆಂದು ಕಿಟಕಿ ಮಾತ್ರ ತೆರೆದಿಟ್ಟುಕೊಂಡಿದ್ದರು.

ಒಡೆಯುವ ಮುನ್ನವೇ ಕಾಯಿ ಕೆಟ್ಟಿದೆಯೆಂದು ತಿಳಿಯುವುದು ಹೇಗೆ? ಎಐಯನ್ನು ಕೇಳಿದೆ. ಮೊದಲು ನನ್ನ ಪ್ರಶ್ನೆಯನ್ನು ಹೊಗಳಿತು. ಆಮೇಲೆ, ಅಲ್ಲಾಡಿಸಿ ನೋಡಿ ಎಂದಿತು. ಇದಕ್ಕಿಂತ ಹೆಚ್ಚು ತಿಳಿದವರು ದಯವಿಟ್ಟು ನನಗೆ ಬರೆಯಬೇಕು.