ಹೊಸ ಸಿಸ್ಟಮ್ಮಿನ ಮುಂದೆ ಹೋದ ಮಾನ

ಬೇರೆಯವರಿಗೆ ನಾಚಿಕೆಗೇಡಿನ ಪ್ರಸಂಗ ವರ್ಷಕ್ಕೊಂದು ಬರುತ್ತದೆ. ನನಗೆ ಹಾಲಿನವನ ಹಾಗೆ ದಿನಾ ಬಾಗಿಲಿಗೆ ಬರುತ್ತದೆ. ಹೋದ ವರ್ಷ ನಮ್ಮ ಅಂಗಡಿಯ ಕಂಪ್ಯೂಟರಿಗೆ ಹೊಸ ಸಿಸ್ಟಮ್ಮು ಹಾಕಿದ ಮೇಲಂತೂ ದಿನಕ್ಕೆ ಎರಡು ಸಲ ಬರತೊಡಗಿತು.

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್, ಝೆರಾಕ್ಸ್, ಲಗ್ನಪತ್ರಿಕೆ ಮಾಡುವ ಒಂದು ಸಣ್ಣ ಅಂಗಡಿ. ಮಾಲಕರು ನಿವೃತ್ತ ಕನ್ನಡ ಸಾಲಿ ಮಾಸ್ತರರು. ಕಂಪ್ಯೂಟರಿನ ಮುಂದೆ ಕೂರುವವಳು ನಾನು. ಓದಿದ್ದು ಹತ್ತನೇತ್ತ, ಅಂದರೆ ಹತ್ತನೇ ತರಗತಿ. ಮಾತು ಮಾತ್ರ ಡಬಲ್ ಡಿಗ್ರಿ ಆದವರಂತೆ ಆಡುತ್ತೇನೆ ಎಂದು ನಮ್ಮ ಅತ್ತೆ ಊರಿಗೆಲ್ಲ ಹೇಳಿದ್ದಾರೆ.

ನಮ್ಮ ಹಳೆಯ ಕಂಪ್ಯೂಟರು ಮುದಿಯಾಗಿತ್ತು. ಬೆಳಿಗ್ಗೆ ಚಾಲೂ ಮಾಡಿ ಕಸ ಹೊಡೆದು, ನೀರು ಹಾಕಿ, ಚಹಾ ಕುಡಿದು ಬಂದರೂ ಅದು ಇನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ಆಗ ಸವದತ್ತಿಯಿಂದ ಬರುವ ಕಂಪ್ಯೂಟರ್ ರಿಪೇರಿಯವರು, ನಾನು ಅವರಿಗೆ ಸವದತ್ತಿ ಸರ್ ಎನ್ನುತ್ತೇನೆ, ಒಂದು ದಾರಿ ಹೇಳಿದರು. "ಡಬ್ಬಿ ಇದ ಇರ್ಲಿ. ಒಳಗ ಲಿನಕ್ಸ್ ಅಂತ ಬ್ಯಾರೆ ಸಿಸ್ಟಮ್ ಹಾಕತೇನಿ. ಹಗುರ ಓಡತೈತಿ, ಪುಕ್ಕಟೆ ಬರತೈತಿ."

ಮಾಸ್ತರರಿಗೆ ಕೊನೆಯ ಮಾತು ಬಹಳ ಹಿಡಿಸಿತು. ನನ್ನ ಕಡೆ ತಿರುಗಿ, "ನಿನಗ ಬರತೈತೇನವಾ ಇದು?" ಎಂದರು.

"ಬರತೈತ್ರಿ," ಎಂದೆ. ಆ ಹೆಸರು ನಾನು ಕೇಳಿದ್ದೇ ಅವತ್ತು.

"ತುಳಸಿ ಲಗ್ನ ಆಗಿಂದ ಪತ್ರಿಕಿ ಕೆಲಸ ಮುರಕೊಂಡು ಬೀಳತಾವ. ಅಷ್ಟರಾಗ ಕೈ ಕೂಡಬೇಕು. ಕಿತ್ತೂರಿಂದ ಡಿಗ್ರಿ ಆದ ಹುಡುಗಿ ಒಬ್ಬಾಕಿ ಎರಡು ಸಲ ಕೆಲಸಾ ಕೇಳಿ ಹೋಗ್ಯಾಳ, ನೋಡು," ಎಂದರು.

ಈ ಕೆಲಸ ನಾನು ಬಿಡುವ ಹಾಗಿರಲಿಲ್ಲ. ಮಗಳನ್ನು ಒಂದನೇತ್ತಕ್ಕೆ ಹಾಕುವಾಗ ಸಾಲಿಯ ಫಾರ್ಮಿನಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನನ್ನ ಕೈಯಾರೆ 'ಕಂಪ್ಯೂಟರ್ ಆಪರೇಟರ್' ಎಂದು ಬರೆದಿದ್ದೆ. ಸಾಲಿಯವರು ಪೆನ್ಸಿಲ್ ಕೊಟ್ಟಿದ್ದರು, ನಾನು ಬೇಡವೆಂದು ಪೆನ್ನಿನಲ್ಲಿ ಬರೆದಿದ್ದೆ.

೧. ಕಣ್ಣಿದ್ದಲ್ಲಿ ಹಣೆ

ಸಿಸ್ಟಮ್ಮು ಹಾಕಿದ ಮರುದಿನವೇ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಯಿಂದ ಹಿಡಿದು ಗಿರಣಿಯವರೆಗೆ ಎಲ್ಲಕ್ಕೂ ಪೂಜೆ. ಝೆರಾಕ್ಸ್ ಮಷೀನಿಗೆ ಹೂ ಏರಿಸಿದೆ, ಕಾಗದ ಕತ್ತರಿಸುವ ಮಷೀನಿಗೆ ಕುಂಕುಮ ಹಚ್ಚಿದೆ, ಕಂಪ್ಯೂಟರಿನ ತಲೆಗೆ ಮೂರು ಬೆರಳಿನ ವಿಭೂತಿ ಎಳೆದೆ. ಉಳಿದದ್ದು ಮೌಸ್. ಯಾವಾಗಲೂ ಅದರ ಬೆನ್ನಿಗೆ ಒಂದಿಷ್ಟು ಹಚ್ಚಿ ಬಿಡುತ್ತಿದ್ದೆ. ಅವತ್ತು ಕೆಲಸ ಉಳಿಸಿಕೊಳ್ಳುವ ಚಿಂತೆಗೆ ಭಕ್ತಿ ಜಾಸ್ತಿಯಾಗಿತ್ತು. ತಿರುವಿ ನೋಡಿದೆ. ಹೊಟ್ಟೆಯ ನಡುವೆ ಕೆಂಪಗೆ ಹೊಳೆಯುವ ಕಣ್ಣು. ಕಣ್ಣಿದ್ದ ಮೇಲೆ ಹಣೆ ಅಲ್ಲೇ ಇರಬೇಕಲ್ಲ. ವಿಭೂತಿಯನ್ನು ನೀರಲ್ಲಿ ಕಲಸಿ ದಪ್ಪಗೆ ಮೂರು ಗೆರೆ ಎಳೆದೆ.

ಆಮೇಲೆ ಪರದೆಯ ಮೇಲಿನ ಬಾಣ ನನ್ನ ಮಾತು ಕೇಳಲಿಲ್ಲ. ಬಲಕ್ಕೆ ಎಳೆದರೆ ನಿಂತಲ್ಲೇ ನಡುಗಿತು, ಮೇಲಕ್ಕೆ ಎಳೆದರೆ ಮೂಲೆಗೆ ಹೋಗಿ ಕುಳಿತಿತು. ಸವದತ್ತಿ ಸರ್‌ಗೆ ಫೋನ್ ಹಚ್ಚಿದೆ.

"ನಿಮ್ಮ ಸಿಸ್ಟಮ್ಮಿಗೆ ವಾತ ಬಡದೈತ್ರಿ. ಪುಕ್ಕಟೆ ಅಂತ ಕೈಕಾಲು ಇಲ್ಲದ್ದು ತಂದು ಹಾಕೀರೇನು? ನಮ್ಮ ಹಳೇದು ಮುದಿ ಆದರೂ ನಡ್ಯಾಕರ ನಡೀತಿತ್ತು."

ಪಾಪ, ಬಿಸಿಲಲ್ಲಿ ಬಸ್ ಹಿಡಿದು ಬಂದರು. ಕಂಪ್ಯೂಟರನ್ನು ಮುಟ್ಟಲೂ ಇಲ್ಲ. ಮೌಸನ್ನು ತಿರುವಿದರು, ನನ್ನ ಮುಖ ನೋಡಿದರು, ಬೆರಳಿನಿಂದ ವಿಭೂತಿ ಕೆರೆದು ತೆಗೆದು ತಮ್ಮ ಹಣೆಗೆ ಹಚ್ಚಿಕೊಂಡರು. ಬಾಣ ಸರಸರ ಓಡಿತು.

"ವಾತ ಹೋತು ನೋಡ್ರಿ," ಎಂದರು. "ನೀವು ಪೂಜಾ ಬಿಡಬ್ಯಾಡ್ರಿ. ಆದ್ರ ಅದಕ್ಕ ಕಣ್ಣು ಕಾಣೂ ಹಂಗ ಮಾಡ್ರಿ."

೨. ಪುಕ್ಕಟೆ ಸಂತೆ

ಈ ಸಿಸ್ಟಮ್ಮಿನಲ್ಲಿ ಸಾಫ್ಟ್‌ವೇರುಗಳ ಅಂಗಡಿಯೇ ಒಂದಿದೆ. ಎಲ್ಲವೂ ಪುಕ್ಕಟೆ. ಸವದತ್ತಿ ಸರ್ ಹೋಗುವಾಗ, "ನಿಮಗ ಏನು ಬೇಕೋ ಅಷ್ಟ ಹಾಕ್ಕೋರಿ," ಎಂದಿದ್ದರು. ಅಷ್ಟೇ ಎಂದರೆ ಎಷ್ಟು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಸಂತೆಯಲ್ಲಿ ಕೊತ್ತಂಬರಿ ಪುಕ್ಕಟೆ ಎಂದರೆ ಯಾವ ಹೆಣ್ಣುಮಗಳು ಒಂದೇ ಕಟ್ಟು ತರುತ್ತಾಳೆ? ಎರಡು ದಿನದಲ್ಲಿ ಕಂಪ್ಯೂಟರಿನ ತುಂಬ ತುಂಬಿಸಿದೆ. ಪಿಯಾನೋ ಬಾರಿಸುವುದು, ಚದುರಂಗ ಆಡುವುದು, ಮನೆಯ ನಕ್ಷೆ ಬಿಡಿಸುವುದು, ಆಕಾಶ ತೋರಿಸುವುದು. ಹೆಸರೆಲ್ಲ ಇಂಗ್ಲಿಷು. ಚಿತ್ರ ಚೆಂದ ಇದ್ದದ್ದನ್ನು ಆರಿಸಿದ್ದೆ.

ಮುನವಳ್ಳಿ ದಾರಿಯ ಒಬ್ಬ ರೈತರು ಪಂಪ್‌ಸೆಟ್ಟಿನ ಅರ್ಜಿ ಬರೆಸಲು ಬಂದರು. ಬರೆಯುವ ಸಾಫ್ಟ್‌ವೇರು ಆ ಗದ್ದಲದಲ್ಲಿ ಎಲ್ಲಿ ಹೋಗಿತ್ತೋ. ಒಂದನ್ನು ಒತ್ತಿದೆ, ಚದುರಂಗ ಬಂತು. ಇನ್ನೊಂದನ್ನು ಒತ್ತಿದೆ, ಪರದೆ ಕಪ್ಪಾಗಿ ತುಂಬ ಚುಕ್ಕಿ ಬಂದವು.

ರೈತರು ಮುಂದೆ ಬಾಗಿದರು. "ಇವು ನಕ್ಷತ್ರ ಅಲ್ಲೇನ್ರಿ?"

ಗೊತ್ತಿಲ್ಲ ಎನ್ನಲು ನಾಲಗೆ ಏಳಲಿಲ್ಲ. "ಹೌದ್ರಿ. ಇಲ್ಲಿ ಅದೂ ಬರತೈತಿ," ಎಂದೆ.

ಕೊನೆಗೆ ಬರೆಯುವುದು ಸಿಕ್ಕಿತು, ಅವರು ಅರ್ಜಿ ಬರೆಸಿಕೊಂಡು ಹೋದರು. ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ಆರು ಮಂದಿ, ಎಲ್ಲರ ಕೈಯಲ್ಲೂ ಜಾತಕ. ಮಾಸ್ತರರು ಅವರನ್ನೆಲ್ಲ ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ನನ್ನ ಮುಂದೆ ಒಂದು ಹಾಳೆ ಇಟ್ಟರು.

"ನಮ್ಮ ಅಂಗಡ್ಯಾಗ ಏನೇನು ಕೆಲಸ ಅದಾವ, ಬರಿ."

ಬರೆದೆ. ಅರ್ಜಿ, ಪತ್ರಿಕೆ, ಫೋಟೋ, ಸ್ಕ್ಯಾನಿಂಗ್. ನಾಲ್ಕೇ ಸಾಲು.

"ನಾಕು ಕೆಲಸಕ್ಕ ನಾಕು ಸಾಫ್ಟ್‌ವೇರ್ ಇಡು," ಎಂದರು. ಹಾಳೆಯನ್ನು ನನ್ನ ಕಡೆ ಸರಿಸಿ, "ಆ ನಕ್ಷತ್ರದ್ದು ತಗಿಯೂಕಿಂತ ಮೊದಲ ನಿನ್ನ ಕೆಲಸದ ಯೋಗ ಎಲ್ಲೀತನಕ ಐತಿ ಅಂತ ನೋಡಿಕೋ," ಎಂದರು.

೩. ಗುಟ್ಟಿನ ಮಾತು

ಚಾಲೂ ಮಾಡುವಾಗ, ಹೊಸದನ್ನು ಹಾಕುವಾಗ, ತೆಗೆಯುವಾಗ, ಪ್ರತಿ ಸಲ ಈ ಸಿಸ್ಟಮ್ಮು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಇಟ್ಟವಳು ನಾನು. ಯಾರಿಗೂ ಹೇಳಬೇಕಾಗಿಲ್ಲ ಎಂಬ ಧೈರ್ಯದ ಮೇಲೆ, ಪುಕ್ಕಟೆ ಎಂದು ಇದನ್ನು ಹಾಕಿಸಿದರಲ್ಲ ಎಂಬ ಸಿಟ್ಟಿನಲ್ಲಿ ಇಟ್ಟಿದ್ದೆ.

ಒಂದು ದಿನ ನನ್ನ ಕೈಗೆಲ್ಲ ಗೋಂದು. ನಾಲ್ಕು ಗಿರಾಕಿಗಳು ನಿಂತಿದ್ದಾರೆ. ಮಾಸ್ತರರು ಕಂಪ್ಯೂಟರಿನ ಮುಂದೆ ಕುಳಿತು, "ಪಾಸ್‌ವರ್ಡ್ ಕೇಳಾಕತ್ತೈತಿ, ಹೇಳವಾ," ಎಂದರು.

"ನಾ ಕೈ ತೊಳಕೊಂಡು ಬರತೇನ್ರಿ."

"ಮಂದಿ ನಿಂತೈತಿ. ಹೇಳು."

ಗೋಡೆಯ ಕಡೆ ನೋಡುತ್ತ ಹೇಳಿದೆ. "ಕಂಜೂಸ್ ಮಾಸ್ತರ್‌ರಿ."

ಗಿರಾಕಿಗಳೆಲ್ಲ ಮಾಸ್ತರರನ್ನು ನೋಡಿದರು. ಅವರು ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ತೆರೆಯಿತು.

"ಚಲೋ ಇಟ್ಟೀದಿ," ಎಂದರು. "ನೆನಪಿಡಾಕ ಹಗುರ ಐತಿ."

೪. ಎರಡು ನಿಮಿಷದ ಸಂಸ್ಕೃತ

ದೊಡ್ಡ ಪೆಟ್ಟು ಆಮೇಲೆ ಬಿತ್ತು. ಹಳೆಯ ಪತ್ರಿಕೆಗಳನ್ನೆಲ್ಲ ನಾವು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಬರೆದಿಟ್ಟಿದ್ದೆವು. ಹೊಸ ಸಿಸ್ಟಮ್ಮಿನಲ್ಲಿ ಆ ಫಾಂಟ್ ಇರಲಿಲ್ಲ. ಫೈಲ್ ತೆರೆದರೆ ಕನ್ನಡದ ಬದಲು ಮೇಲೆ ಕೆಳಗೆ ಕೋಡು, ಬಾಲ ಇರುವ ಇಂಗ್ಲಿಷ್ ಅಕ್ಷರಗಳು ಜಗಳಕ್ಕೆ ನಿಂತವರ ಹಾಗೆ ನಿಂತಿದ್ದವು. ಬದಲಾಯಿಸುವುದಕ್ಕೆ ಒಂದು ಸಾಫ್ಟ್‌ವೇರು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅಷ್ಟೊಂದು ತುಂಬಿಸಿದ್ದೆ, ಬೇಕಾಗಿದ್ದ ಅದೊಂದನ್ನೇ ಹಾಕಿರಲಿಲ್ಲ.

ಕಿತ್ತೂರಿನಿಂದ ಒಬ್ಬ ಹಿರಿಯರು ಬಂದರು. ಧೋತರ, ಶಾಲು. ಹಿರಿಯ ಮಗನ ಮನೆಯ ವಾಸ್ತುಶಾಂತಿಯ ಪತ್ರಿಕೆ ನಾವೇ ಮಾಡಿದ್ದೆವು, ಈಗ ಕಿರಿಯ ಮಗನದು. "ಅದನ್ನ ತಗೀರಿ ತಂಗಿ. ಹೆಸರು ಅಷ್ಟ ಬದಲಾಯಿಸಿದ್ರ ಸಾಕು."

ತೆರೆದೆ. ಕೋಡು ಬಾಲಗಳೆಲ್ಲ ಎದ್ದು ಕುಳಿತವು. ಆಚೆ ಮೇಜಿನಲ್ಲಿ ಮಾಸ್ತರರು. ನನಗೆ ತಿಳಿಯದು ಎಂದರೆ ಅವರ ಕಿವಿಗೆ ಬೀಳುತ್ತದೆ.

"ಇದೇನಿದು?" ಎಂದರು ಹಿರಿಯರು.

"ಮ್ಯಾಲಿಂದು ಮಂತ್ರದ ಭಾಗರಿ. ಸಂಸ್ಕೃತ," ಎಂದೆ.

ಅವರು ಶಾಲಿನ ತುದಿಯಿಂದ ಕನ್ನಡಕ ಒರೆಸಿ ಹಾಕಿಕೊಂಡರು. ಪರದೆಗೆ ಮೂಗು ಹಚ್ಚಿ ಎರಡು ನಿಮಿಷ ನೋಡಿದರು. ನಾನು ಆ ಎರಡು ನಿಮಿಷದಲ್ಲಿ ಮೂರು ಸಲ ಬೆವೆತೆ.

"ತಂಗಿ, ನಾನು ಕೆಲಸದಾಗ ಇರೂತನಕಾ ಸಂಸ್ಕೃತ ಕಲಿಸೇನಿ," ಎಂದರು ಮೆಲ್ಲಗೆ. "ಇದರಾಗ ನನಗ ಗುರುತು ಹತ್ತಿದ್ದು ಪೂರ್ಣವಿರಾಮ ಒಂದ."

೫. ಸಿರಸಂಗಿಗೆ ಹೋದ ಕಾಗದ

ತುಳಸಿ ಲಗ್ನ ಹತ್ತಿರ ಬಂತು. ಹಳೆಯ ಪತ್ರಿಕೆ ಒಂದೂ ತೆರೆಯಲಿಲ್ಲ. ಮಾಸ್ತರರು ಕೇಳಿದಾಗೆಲ್ಲ "ಎಲ್ಲಾ ಬರತೈತ್ರಿ" ಎನ್ನುತ್ತಿದ್ದೆ. ಅವರು ಎದುರಿಗೇ ಕೂರುತ್ತಿದ್ದರಿಂದ ಸವದತ್ತಿ ಸರ್‌ಗೆ ಫೋನ್ ಮಾಡುವ ಹಾಗಿರಲಿಲ್ಲ. ಕೆಲಸ ಮಾಡುವವಳ ಹಾಗೆ ಕುಳಿತು, ಮೇಲ್ ಕಳಿಸಲೆಂದು ಟೈಪ್ ಮಾಡಿದೆ.

'ಮಾಸ್ತರಿಗೆ ಹೇಳಬ್ಯಾಡ್ರಿ. ಎಲ್ಲಾ ಬರತೈತಿ ಅಂತ ಸುಳ್ಳ ಹೇಳೇನಿ. ಏನೂ ಬಗಿಹರಿವಲ್ದು. ಗೊತ್ತಾದರ ಕೆಲಸದಿಂದ ತಗೀತಾರ. ರವಿವಾರ ಹೋಳಿಗಿ ಮಾಡಿರತೇನಿ, ತಪ್ಪದ ಬರ್ರಿ.'

ಓದುವಾಗ ಬರಹದ ಮೇಲೆ ಮೌಸ್ ಎಳೆದು ನೀಲಿ ಮಾಡಿಕೊಂಡು ಓದುವುದು ನನ್ನ ಚಟ. ಹಾಗೆ ಓದುತ್ತಿದ್ದಾಗಲೇ ತೊರಗಲ್ಲಿನ ಒಬ್ಬ ಯಜಮಾನರು ಗಡಬಡಿಸಿ ಒಳಗೆ ಬಂದರು. ಅವರ ಮಗಳ ಲಗ್ನಪತ್ರಿಕೆಯನ್ನು ನಾನೇ ಹೊಸದಾಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆದಿಟ್ಟಿದ್ದೆ. ಲಗ್ನವೂ ಒಂದು ರವಿವಾರವೇ, ತುಳಸಿ ಲಗ್ನ ಮುಗಿದ ಮೇಲೆ ಇತ್ತು.

"ತಂಗಿ, ಮೊದಲನೇ ಕಾಗದ ಕೊಡ್ರಿ. ಇವತ್ತು ಶುಕ್ರವಾರ. ಬೀಗರೂ ಬರಾಕತ್ತಾರ, ಸಿರಸಂಗಿ ಕಾಳಮ್ಮನ ಮುಂದ ಇಡಬೇಕು."

ಪತ್ರಿಕೆ ತೆರೆದು ಮೌಸಿನ ಗಾಲಿ ತಿರುಗಿಸಿ ಕೆಳಗಿಳಿಸಿದೆ. ಅವಸರದಲ್ಲಿ ಗಾಲಿಯನ್ನು ಒತ್ತಿಯೂ ಇದ್ದೆ. ಪ್ರಿಂಟ್ ಬಂತು. ಮಾಸ್ತರರು ತಪ್ಪು ತಿದ್ದಲು ಕೆಂಪು ಪೆನ್ನು ತೆಗೆದು ಕೈ ಚಾಚಿದರು. ಯಜಮಾನರು ತಡೆದರು.

"ಬ್ಯಾಡ್ರಿ ಮಾಸ್ತರ. ನಮ್ಮ ಮನಿತನದಾಗ ದೇವಿಗಿಂತ ಮೊದಲ ಮನಷ್ಯಾರು ಓದಂಗಿಲ್ಲ." ಓದದೆಯೇ ನಾಲ್ಕು ಮಡಿಕೆ ಮಾಡಿ ಕಿಸೆಗೆ ಇಟ್ಟುಕೊಂಡು ಹೋದರು. ಕೆಂಪು ಪೆನ್ನು ತಪ್ಪಿತಲ್ಲ ಎಂದು ನಾನು ನಿಶ್ಚಿಂತೆಯಿಂದ ಚಹಾ ಕುಡಿದೆ.

ಮರುದಿನ ಅವರು ತಿರುಗಿ ಬಂದರು. ಕಾಗದಕ್ಕೆ ಅರಿಷಿಣ ಕುಂಕುಮ ಹತ್ತಿತ್ತು.

"ಪತ್ರಿಕಿ ಚೆಂದ ಆಗೇತ್ರಿ," ಎಂದು ಮಾಸ್ತರರ ಎದುರು ಕುಳಿತರು. "ಪೂಜಾರ್ರು ದನಿ ತಗದು ಓದಿದ್ರು. ಎರಡೂ ಕಡೀ ಮಂದಿ ಕೈ ಮುಗಕೊಂಡು ನಿಂತಿದ್ವಿ. ಬಂಧು ಬಳಗ ಮುಗೀತು. ಆಮ್ಯಾಲ 'ಮಾಸ್ತರಿಗೆ ಹೇಳಬ್ಯಾಡ್ರಿ' ಅಂತ ಬಂತು. ಈಗಿನ ಪದ್ಧತಿ ಹಿಂಗ ಇರಬೇಕು ಅಂದ್ಕೊಂಡ್ವಿ. 'ಎಲ್ಲಾ ಬರತೈತಿ ಅಂತ ಸುಳ್ಳ ಹೇಳೇನಿ' ಅಂತ ಓದಿದಾಗ ಬೀಗರು ನಮ್ಮ ಮಗಳ ಮಾರಿ ನೋಡಿದ್ರು. ಅಡಿಗಿ ಎಲ್ಲಾ ಬರತೈತಿ ಅಂತ ಹೇಳಿ ಸಂಬಂಧ ಕೂಡಿಸೇವ್ರಿ ನಾವು. ಪುಣ್ಯಾಕ ಕಡೀಕ 'ಹೋಳಿಗಿ ಮಾಡಿರತೇನಿ' ಅಂತ ಬಂತು ನೋಡ್ರಿ, ಅವಾಗ ಬೀಗರು ಸಮಾಧಾನ ಆದರು."

ನಾನು ಮೇಜಿನ ಕೆಳಗೆ ಏನೋ ಬಿದ್ದಂತೆ ಬಾಗಿದೆ. ಬಿದ್ದದ್ದು ಏನೂ ಇರಲಿಲ್ಲ, ನನ್ನ ಮಾನ ಬಿಟ್ಟರೆ.

ಮಾಸ್ತರರು ಕಾಗದ ಬಿಚ್ಚಿ ಕೊನೆಯತನಕ ಓದಿದರು. "ಮ್ಯಾಲ ಏಳವಾ. ಇದು ಇಲ್ಲಿ ಹೆಂಗ ಬಂತು?"

ಎದ್ದೆ. "ಈ ಸಿಸ್ಟಮ್ಮಿನ್ಯಾಗ ನೀಲಿ ಮಾಡಿದ್ದು ತಾನ ನೆನಪ ಉಳೀತೈತ್ರಿ. ಮೌಸಿನ ಗಾಲಿ ಒತ್ತಿದ್ರ, ಒತ್ತಿದಲ್ಲಿ ಬಂದು ಕುಂದರತೈತಿ. ಸವದತ್ತಿ ಸರ್ ಮೊದಲನೇ ದಿನಾನ ಹೇಳಿದ್ರು. ನಾ ಗೊತ್ತೈತಿ ಅಂದಿದ್ದೆ. ಗೊತ್ತಿರಲಿಲ್ರಿ."

ಅವರು ಕೆಂಪು ಪೆನ್ನು ತೆಗೆದರು. ಪರೀಕ್ಷೆಯ ಪೇಪರು ತಿದ್ದುವ ಹಾಗೆ ಒಂದೊಂದೇ ಸಾಲು ನೋಡಿದರು.

"'ಮಾಸ್ತರಿಗೆ ಹೇಳಬ್ಯಾಡ್ರಿ.' ಹೇಳಿದ್ದಾತು." ಹೊಡೆದು ಹಾಕಿದರು.

"'ಸುಳ್ಳ ಹೇಳೇನಿ.' ದೇವಿ ಮುಂದ ಒಪ್ಪಿಕೊಂಡಾತು." ಅದನ್ನೂ ಹೊಡೆದರು.

"'ಏನೂ ಬಗಿಹರಿವಲ್ದು.' ಹೆಂಗಾತು ಅಂತ ಈಗ ನೀನ ಬಗಿಹರಿಸಿ ಹೇಳಿದಿ. ಇದು ಖರೇ ಅಲ್ಲ."

ನಾಲ್ಕನೆಯ ಸಾಲಿಗೆ ಪೆನ್ನು ನಿಂತಿತು. ನನ್ನ ಕಣ್ಣ ಮುಂದೆ ಸಾಲಿಯ ಫಾರ್ಮು, ಅದರ ಮೇಲೆ ಪೆನ್ನಿನಲ್ಲಿ ಬರೆದ ಎರಡು ಶಬ್ದ.

"'ಗೊತ್ತಾದರ ಕೆಲಸದಿಂದ ತಗೀತಾರ.' ಇದು ನಾ ಆಡಬೇಕಾದ ಮಾತು. ನಾ ಇನ್ನೂ ಆಡಿಲ್ಲ." ಎರಡು ಸಲ ಅಡ್ಡಗೆರೆ ಎಳೆದರು.

ಪೆನ್ನು ಕೊನೆಯ ಸಾಲಿಗೆ ಬಂತು. ಯಜಮಾನರು ಚಟ್ಟನೆ ಅವರ ಕೈ ಹಿಡಿದರು.

"ಅದೊಂದು ಇರ್ಲಿ ಬಿಡ್ರಿ ಮಾಸ್ತರ. ಬೀಗರು ಅದನ್ನ ನಂಬಿಕೊಂಡು ಕುಂತಾರ."

ಹಾಗಾಗಿ ಅಷ್ಟೂ ಪತ್ರಿಕೆಗಳು ಬಂಧು ಬಳಗದ ಕೆಳಗೆ 'ಹೋಳಿಗಿ ಮಾಡಿರತೇನಿ, ತಪ್ಪದ ಬರ್ರಿ' ಎಂಬ ಸಾಲಿನೊಂದಿಗೇ ಅಚ್ಚಾದವು. ಸವದತ್ತಿ ಸರ್ ಮುಂದಿನ ವಾರ ಬಂದು ಹಳೆಯ ಕನ್ನಡ ಬದಲಾಯಿಸುವುದನ್ನು ಕಲಿಸಿದರು. ಈ ಸಲ "ಗೊತ್ತಿಲ್ರಿ" ಎಂದು ಮೊದಲೇ ಹೇಳಿ ಕಲಿತೆ. ಬಾಯಿಗೆ ಆ ಶಬ್ದ ಹೊಸದು, ಸ್ವಲ್ಪ ಕಚ್ಚಿತು.

ಮದುವೆಗೆ ನನಗೂ ಕರೆ ಇತ್ತು. ಯಾರ ಕಣ್ಣಿಗೂ ಬೀಳದಂತೆ ಪಂಕ್ತಿಯ ಕೊನೆಗೆ ಕುಳಿತೆ. ಮದುಮಗನ ತಾಯಿ ಸೊಸೆಯನ್ನು ಜತೆಗೆ ಕರೆದುಕೊಂಡು ಎಲ್ಲರನ್ನೂ ವಿಚಾರಿಸುತ್ತ ಬಂದರು. ನನ್ನ ಎಲೆಯ ಮುಂದೆ ನಿಂತು ಹೋಳಿಗೆ ನೋಡಿದರು.

"ಭಾಳ ಮೆತ್ತಗ ಆಗ್ಯಾವ. ಎಲ್ಲಾ ನೀನ ಮಾಡೀಯೇನವಾ? ಪತ್ರಿಕಿಯೊಳಗ ಹಂಗಂತ ಬರಿಸಿದ್ದಿ," ಎಂದು ಸೊಸೆಯನ್ನು ಕೇಳಿದರು.

ಆ ಸಾಲು ಯಾರದೆಂದು ಗೊತ್ತಿದ್ದ ಮದುಮಗಳು ನನ್ನನ್ನು ನೋಡಿದಳು. ನಾನು ಹೋಳಿಗೆಯನ್ನು ನೋಡಿದೆ.