ಕಂಡವರಿಗೆಲ್ಲ ಸೂಯುಂಚು

ಎರಡು ಗಂಟು ಹಾಕಬೇಕಾದ ಕಡೆ ಜಪಾರ್‌ಕುಲ್ ಒಂದೇ ಗಂಟು ಹಾಕಿದ. ಒಳಗೆ ಚಹಾ ಆರುತ್ತಿತ್ತು, ಅಷ್ಟೇ ಕಾರಣ. ಬೆಳಗ್ಗೆ ಎದ್ದು ನೋಡಿದರೆ ಗೂಟ ಇತ್ತು, ಹಗ್ಗ ಇತ್ತು, ಬೂದು ಬಣ್ಣದ ಹೆಣ್ಣುಕುದುರೆ ಇರಲಿಲ್ಲ.

ಬೇರೆ ದಿನವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕುದುರೆ ಎಂದ ಮೇಲೆ ಹೋಗುತ್ತದೆ, ಬರುತ್ತದೆ. ಆದರೆ ಆ ಸಂಜೆ ಬೀಗ ಎಶಿಮ್‌ಬೆಕ್ ಕಣಿವೆ ದಾಟಿ ಬರುವವನಿದ್ದ. ಅವನ ಮಗಳನ್ನು ಜಪಾರ್‌ಕುಲನ ಮಗನಿಗೆ ಕೊಡುವ ಮಾತಾಗಿತ್ತು. ಆ ಮಾತಿನಲ್ಲೇ ಹುಡುಗಿಯ ತಂದೆಗೆ ಒಂದು ಕುದುರೆ ಎಂದೂ ಆಗಿತ್ತು. ಅದಕ್ಕೆಂದು ಜಪಾರ್‌ಕುಲ್ ಮನಸ್ಸಿನಲ್ಲೇ ತೆಗೆದಿಟ್ಟಿದ್ದ ಬೂದು ಕುದುರೆ ಸಿಗದಿದ್ದರೆ ಮದುವೆ ಮುರಿಯುವುದಿಲ್ಲ ನಿಜ. ಆದರೆ ‘ಜಪಾರ್‌ಕುಲ್ ಬೀಗನಿಗೆ ಬರೀ ಹಗ್ಗ ಕೊಟ್ಟ’ ಎನ್ನುವ ಮಾತು ಅವನ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

“ಊರಿಗೆಲ್ಲ ಡಂಗುರ ಹೊಡೀಬೇಡಿ” ಎಂದಳು ಹೆಂಡತಿ ಬಾತ್ಮಾ. “ಬಾಯಿ ಮುಚ್ಕೊಂಡು ಕಂದು ಕುದುರೆ ಹತ್ತಿ, ಹುಡುಕ್ಕೊಂಡು ಬನ್ನಿ.”

ಜಪಾರ್‌ಕುಲ್ ಬಾಯಿ ಮುಚ್ಚಿಕೊಂಡೇ ಹೊರಟ. ಅಂಗಡಿಯವರೆಗೆ.

“ಏನೋ ತಮ್ಮಾ, ಮುಖ ಯಾಕೆ ಕೆಟ್ಟ ಕುಮಿಸ್ ಹಾಲು ಕುಡಿದೋರ ಹಾಗಿದೆ?” ಎಂದು ಅಂಗಡಿಯ ತುರ್ಸುನ್‌ಕಾನ್ ಕೇಳಿದಳು. ಅವಳು ಕೇಳಿದರೆ ಕಲ್ಲೂ ಬಾಯಿ ಬಿಡುತ್ತದೆ. ಜಪಾರ್‌ಕುಲ್ ಕಲ್ಲಲ್ಲ.

ಒಂದು ಕೆಟಲ್ ನೀರು ಕುದಿಯುವಷ್ಟರಲ್ಲಿ ಊರೆಲ್ಲ ಹುಡುಕಲು ಹೊರಟಿತ್ತು. ಅದು ಕುದುರೆಯ ಮೇಲಿನ ಪ್ರೀತಿಗಲ್ಲ. ನಮ್ಮ ಕಡೆ ಒಳ್ಳೆಯ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಂದವನು “ಸೂಯುಂಚು!” ಎಂದು ಕೂಗುತ್ತಾನೆ. ಕೂಗು ಕೇಳಿದವನು ಏನಾದರೂ ಒಂದನ್ನು ಕೊಡಲೇಬೇಕು. ಸುದ್ದಿಯ ತೂಕಕ್ಕೆ ತಕ್ಕ ವಸ್ತು. ಇಲ್ಲ ಎಂದವನ ಬಾಗಿಲಿಗೆ ಇನ್ನು ಒಳ್ಳೆಯ ಸುದ್ದಿ ಬರುವುದಿಲ್ಲ ಎನ್ನುತ್ತಾರೆ. ಪರೀಕ್ಷೆ ಮಾಡಿ ನೋಡುವ ಧೈರ್ಯ ಇದುವರೆಗೆ ಯಾರೂ ಮಾಡಿಲ್ಲ.

ಮೊದಲು ಬಂದವನು ವ್ಯಾನ್ ಓಡಿಸುವ ಉಲಾರ್‌ಬೆಕ್. “ಸೂಯುಂಚು, ಬಾಯ್ಕೆ! ಬೆಳಗಿನ ಜಾವ ಸೇತುವೆ ಹತ್ರ ನಿಮ್ಮ ಬೂದು ಕುದುರೆ ಕಂಡೆ!”

ಅವನ ಬೆನ್ನ ಹಿಂದೆಯೇ ತುರ್ಸುನ್‌ಕಾನ್ ಅಂಗಡಿಗೆ ಬೀಗವನ್ನೂ ಹಾಕದೆ ಓಡಿ ಬಂದಳು. “ಸೂಯುಂಚು! ಊರಾಚೆ ಇರೋ ನನ್ನ ತಂಗಿಗೆ ಫೋನ್ ಮಾಡಿ ಕೇಳ್ದೆ. ಅವಳ ತೋಟದ ಬೇಲಿ ಮುರಿದು ಒಳಗೆ ನುಗ್ಗಿತ್ತಂತೆ!”

ಕೊನೆಗೆ ಮುದುಕ ಬೇಟೆಗಾರ ದೂರೋನ್ ಕೋಲೂರಿಕೊಂಡು ಬಂದ. “ಸೂಯುಂಚು, ಮಗಾ. ತೋಟದಿಂದ ಹೆಜ್ಜೆ ಹಿಡಿದೆ. ಕಣಿವೆ ಕಡೆ ಹೋಗಿದೆ.”

“ಕುದುರೆ ಎಲ್ಲಿ?” ಎಂದ ಜಪಾರ್‌ಕುಲ್.

ಮೂವರೂ ಮೂರು ದಿಕ್ಕಿಗೆ ಕೈ ತೋರಿಸಿದರು.

“ಕುದುರೆ ಕೈಗೆ ಬರದೆ ಎಂಥ ಸೂಯುಂಚು? ಬಂದ್ರೂ ಮೊದಲು ಕಂಡುಹಿಡಿದ ಒಬ್ಬರಿಗೆ ಮಾತ್ರ!” ಎಂದು ಜಪಾರ್‌ಕುಲ್ ರೇಗಿದ.

“ಮೊದಲು ನಾನು ತಾನೆ?” ಎಂದ ಉಲಾರ್‌ಬೆಕ್.

“ನೀನು ಕಂಡಿದ್ದು ಕಿಟಕಿಯಿಂದ. ಆಮೇಲೆ ಆಕಳಿಸ್ಕೊಂಡು ಮುಂದೆ ಹೋದೆ. ಅದೂ ಕಂಡುಹಿಡಿಯೋದಾ?” ಎಂದಳು ತುರ್ಸುನ್‌ಕಾನ್.

“ನೀವು ಕೂತಲ್ಲಿಂದ ಎದ್ದೇ ಇಲ್ಲ, ಎಜೆ!”

ಜಗಳ ಕಾವೇರುವ ಹೊತ್ತಿಗೆ ಶಾಲೆಯ ಇಂಗ್ಲಿಷ್ ಟೀಚರ್ ಸಾಲ್ಕಿನಾಯ್ ಆ ದಾರಿಯಲ್ಲಿ ಬಂದಳು. ಕಂಕುಳಲ್ಲಿ ಇಟ್ಟಿಗೆಯಂಥ ನಿಘಂಟು. “ನಮ್ಮ ಮಾತಲ್ಲಿ ಕಂಡುಹಿಡಿಯೋದಕ್ಕೆಲ್ಲ ‘ತಾಪ್’ ಅಂತ ಒಂದೇ ಪದ, ಅದಕ್ಕೇ ಜಗಳ” ಎಂದಳು. “ಇಂಗ್ಲಿಷಿನವರು ‘ಫೈಂಡ್’ ಅಂತಾರೆ. ಅದಕ್ಕೆ ಇರೋ ಬಳಗ ನೋಡಿ ನನಗೇ ಆಶ್ಚರ್ಯ.”

“ಎಷ್ಟು ಜನ ಬಳಗ?” ಎಂದು ದೂರೋನ್ ಮುದುಕ ಅಲ್ಲೇ ಕಲ್ಲಿನ ಮೇಲೆ ಕೂತ. ಅವನಿಗೆ ಯಾವುದರ ವಂಶಾವಳಿಯಾದರೂ ಸರಿ.

ಸಾಲ್ಕಿನಾಯ್ ಪುಸ್ತಕ ಬಿಡಿಸಿದಳು. “ಹುಡುಕದೆ ಇದ್ರೂ ದಾರೀಲಿ ಎದುರಾಗೋದು ಒಂದು.”

“ಅದು ನಾನು!” ಎಂದ ಉಲಾರ್‌ಬೆಕ್.

“ಕೇಳಿ, ವಿಚಾರಿಸಿ ತಿಳ್ಕೊಳ್ಳೋದು ಇನ್ನೊಂದು.”

“ಬರೆದೋನಿಗೆ ಆಯುಸ್ಸು ಹೆಚ್ಚಾಗ್ಲಿ” ಎಂದಳು ತುರ್ಸುನ್‌ಕಾನ್.

“ಗುರುತು ಹಿಡಿದು ಬೆನ್ನತ್ತಿ ಹೋಗೋದಕ್ಕೆ ಬೇರೆ ಪದವೇ ಇದೆ. ಅಡಗಿದ್ದನ್ನ ಪತ್ತೆ ಮಾಡೋದಕ್ಕೆ ಮತ್ತೊಂದು. ಲೋಕಕ್ಕೇ ಗೊತ್ತಿಲ್ಲದ್ದನ್ನ ಮೊದಲು ಕಾಣೋದಕ್ಕೆ ಇನ್ನೂ ದೊಡ್ಡದೊಂದು.”

ಜನ ಸೇರಿದರು. ಯಾರೋ ಚಹಾ ತಂದರು, ಇನ್ಯಾರೋ ಹಿಟ್ಟಿನ ಬೊರ್ಸೊಕ್ ಕರಿದು ತಂದರು. ಕಳೆದುಹೋದ ಉಗುರುಕತ್ತರಿ ದಿಂಬಿನ ಕೆಳಗೆ ಸಿಕ್ಕಿದರೆ ಯಾವ ಪದ? ಗಂಡ ಬಚ್ಚಿಟ್ಟ ವೋಡ್ಕಾ ಹೆಂಡತಿಗೆ ಸಿಕ್ಕಿದರೆ? ‘ನನಗೆ ಚಳಿ ಹೆಚ್ಚಾಗಿ ಕಾಣ್ತದೆ’ ಎನ್ನುವುದಕ್ಕೂ ಅವರು ‘ಫೈಂಡ್’ ಪದವನ್ನೇ ಹಚ್ಚುತ್ತಾರೆ ಎಂದು ಸಾಲ್ಕಿನಾಯ್ ಹೇಳಿದಾಗ ದೂರೋನ್ ಮುದುಕ ತೊಡೆ ತಟ್ಟಿಕೊಂಡ. ನ್ಯಾಯಾಧೀಶ ‘ತಪ್ಪಿತಸ್ಥ’ ಎನ್ನುವುದಕ್ಕೂ ಅದೇ ಎಂದಾಗಲಂತೂ ಒಂದು ಬಟ್ಟಲು ಚಹಾ ಚೆಲ್ಲಿತು.

“ನನ್ನ ಕುದುರೆ!” ಎಂದು ಜಪಾರ್‌ಕುಲ್ ನಡುವೆ ನಿಂತು ಅಂಗಲಾಚಿದ.

“ಇರೋ ಮಾರಾಯಾ, ಜ್ಞಾನದ ಮಾತು ನಡೀತಿದೆ” ಎಂದಿತು ಗುಂಪು.

“ಅದ್ಸರಿ ಮಗಳೇ, ಸೂಯುಂಚುಗೆ ಅವರೇನಂತಾರೆ?” ಎಂದು ದೂರೋನ್ ಕೇಳಿದ.

ಸಾಲ್ಕಿನಾಯ್ ಹಿಂದೆ ಮುಂದೆ ಹಾಳೆ ತಿರುವಿದಳು. “ಅದಕ್ಕೆ ಪದ ಇಲ್ಲ, ಅತಾ.”

“ಏನೂ ಸಿಗೋದಿಲ್ಲ ಅಂದ್ರೆ ಪಾಪ, ಅಷ್ಟೊಂದು ಥರ ಯಾಕೆ ಕಂಡುಹಿಡೀತಾರೆ?”

ತೀರ್ಪು ಆಯಿತು. ಮೂವರೂ ಕಂಡುಹಿಡಿದಿದ್ದಾರೆ, ಪುಸ್ತಕದಲ್ಲೇ ಇದೆ. ಉಲಾರ್‌ಬೆಕ್‌ಗೆ ಜಪಾರ್‌ಕುಲನ ಹೊಸ ಕಲ್ಪಾಕ್ ಟೋಪಿ ಹೋಯಿತು. ತುರ್ಸುನ್‌ಕಾನ್‌ಗೆ ಒಂದು ಕುರಿಚರ್ಮ, ದೂರೋನ್‌ಗೆ ಸೊಂಟದ ಚಾಕು. ಬೋಳುತಲೆಯನ್ನು ಬಿಸಿಲಿಗೆ ಕಾಯಿಸಿಕೊಳ್ಳುತ್ತ ಜಪಾರ್‌ಕುಲ್ ಕಂದು ಕುದುರೆಯ ಮೇಲೆ ಕಣಿವೆ ಹತ್ತಿದ. ಮೇಲೆ ಬರೀ ಕಲ್ಲು. ಕಲ್ಲಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಹೊತ್ತು ಇಳಿಯುವಾಗ ಬರಿಗೈಯಲ್ಲಿ ಹಿಂತಿರುಗಿದ.

ಮನೆಯ ಮುಂದೆ ಜನವೋ ಜನ. ಮೇಲಿನ ಕಲ್ಲುದಾರಿ ಬಿಟ್ಟು ಕೆಳಗೆ ಹೊಳೆಯ ದಾರಿಯಿಂದ ಬಂದಿದ್ದ ಎಶಿಮ್‌ಬೆಕ್ ನಡುವೆ ನಿಂತು ನಗುತ್ತಿದ್ದ. ಅವನ ಒಂದು ಕೈಯಲ್ಲಿ ಸ್ವಂತ ಕುದುರೆಯ ಲಗಾಮು, ಇನ್ನೊಂದರಲ್ಲಿ ಬೂದು ಕುದುರೆಯ ಹಗ್ಗ.

“ಸೂಯುಂಚು, ಕುದಾ!” ಎಂದು ತನ್ನ ಬೀಗನನ್ನು ಕೂಗಿದ. “ಮಧ್ಯಾಹ್ನ ನೋಡ್ತೀನಿ, ನನ್ನ ಕುದುರೆಗಳ ನಡುವೆ ಇದೊಂದು ಹೆಚ್ಚಿಗೆ ಮೇಯ್ತಾ ಇದೆ. ತೊಡೆ ಮೇಲೆ ನಿಮ್ಮ ಮುದ್ರೆ! ಹುಟ್ಟಿದ್ದು ನಮ್ಮ ಕಡೆ ಅಲ್ವಾ, ತೌರಿಗೆ ಬಂದುಬಿಟ್ಟಿದೆ.”

ಜಪಾರ್‌ಕುಲನ ಎದೆಗೆ ಹಾಲು ಹೊಯ್ದಂತಾಯಿತು. ಮರುಗಳಿಗೆಯೇ ಆ ಹಾಲು ಹುಳಿಯಿತು. ಊರೆಲ್ಲ ಅವನ ಕೈಯನ್ನೇ ನೋಡುತ್ತಿತ್ತು. ಕಿಟಕಿಯಿಂದ ಕಂಡವನಿಗೆ ಟೋಪಿಯಾದರೆ, ಕುದುರೆಯನ್ನೇ ಹಿಡಿದು ತಂದ ಬೀಗನಿಗೆ ಏನು?

“ಕುರಿ ಕೊಡಿ” ಎಂದು ಬಾತ್ಮಾ ಪಿಸುಗುಟ್ಟಿದಳು.

ಆದರೆ ಜಪಾರ್‌ಕುಲನ ತಲೆಯಲ್ಲಿ ದಿನವಿಡೀ ಕಾಣದಿದ್ದ ಬೆಳಕೊಂದು ಮೂಡಿತ್ತು. ಹೇಗೂ ಇವನಿಗೇ ಹೋಗುವ ಕುದುರೆ! ಕುರಿಯನ್ನು ಯಾಕೆ ಕಳೆದುಕೊಳ್ಳಬೇಕು? ಅವನು ಎದೆ ಉಬ್ಬಿಸಿ, ಬೀದಿಯ ಕೊನೆಗೂ ಕೇಳುವಂತೆ ಹೇಳಿದ: “ಕುದಾ, ನಿಮ್ಮಂಥೋರು ತಂದ ಸುದ್ದಿಗೆ ಕುರಿ ಯಾವ ಲೆಕ್ಕ? ಈ ಕುದುರೇನೇ ನಿಮ್ಮ ಸೂಯುಂಚು!”

ಊರು ಉಘೇ ಎಂದಿತು. ದೂರೋನ್ ಮುದುಕ ಎರಡೂ ಕೈಯಿಂದ ಗಡ್ಡ ಸವರಿ ಹರಸಿದ. ಎಶಿಮ್‌ಬೆಕ್‌ನ ಕಣ್ಣು ತೇವವಾಯಿತು. ಬಾತ್ಮಾ ಮಾತ್ರ ಹಣೆ ಹಿಡಿದುಕೊಂಡಳು. ಅದು ಯಾಕೆಂದು ಗಂಡನಿಗೆ ಹೊಳೆಯಲಿಲ್ಲ.

ಮಾಂಸ ಬಡಿಸಿದರು, ಸಾರು ಕುಡಿದರು, ಮದುವೆಯ ದಿನ ಗೊತ್ತು ಮಾಡಿದರು. ಹೊರಗೆ ಇನ್ನೂ ಬೆಳಕಿತ್ತು. ಎಶಿಮ್‌ಬೆಕ್ ಬಾಯಿ ಒರೆಸಿಕೊಂಡು ಎದ್ದ.

“ಕತ್ತಲಾಗೋಕೆ ಮುಂಚೆ ಹೊರಡ್ತೀನಿ. ಸೂಯುಂಚು ಕೈಗೆ ಬಂತು, ಸಂತೋಷ. ಇನ್ನು ಮದುವೆ ಮಾತಲ್ಲಿ ಒಪ್ಪಿದ ಕುದುರೇನೂ ತೋರಿಸಿಬಿಡಿ, ಅದನ್ನೂ ಹಿಡ್ಕೊಂಡೇ ಹೋಗ್ತೀನಿ.”

ಜಪಾರ್‌ಕುಲ್ ಬಾಯಿ ತೆರೆದ. ಬಾಗಿಲಲ್ಲಿ ಉಲಾರ್‌ಬೆಕ್ ಇದ್ದ, ತುರ್ಸುನ್‌ಕಾನ್ ಇದ್ದಳು, ಅವರ ಹಿಂದೆ ಇಡೀ ಊರಿತ್ತು. ಅವನು ಬಾಯಿ ಮುಚ್ಚಿದ.

ಅಂಗಳದಲ್ಲಿ ಅವನದೆಂದು ಉಳಿದಿದ್ದುದು ಒಂದೇ ಕುದುರೆ. ಅದರ ಬೆನ್ನಿನ ಬೆವರು ಇನ್ನೂ ಆರಿರಲಿಲ್ಲ. ಜಪಾರ್‌ಕುಲ್ ತಾನೇ ಜೀನು ಬಿಚ್ಚಿ, ಕಂದು ಕುದುರೆಯ ಹಗ್ಗವನ್ನು ಬೀಗನ ಕೈಗಿಟ್ಟ.

ಎಶಿಮ್‌ಬೆಕ್ ಒಂದರ ಮೇಲೆ ಹತ್ತಿ, ಎರಡನ್ನು ಹಿಂದೆ ಕಟ್ಟಿಕೊಂಡು, ತುಂಬಿದ ಮನಸ್ಸಿನಿಂದ ತಿರುಗಿ ನೋಡಿದ.

“ನಾಳೆ ನಮ್ಮನೆಗೆ ಊಟಕ್ಕೆ ಬರಲೇಬೇಕು, ಕುದಾ. ದೂರ ಏನಲ್ಲ, ಕುದುರೆ ಮೇಲೆ ಬಂದ್ರೆ ಎರಡೇ ಗಂಟೆ.”